ಸುರಂಗದ ಹುಳು

ಬೇಳದ ಸುರಂಗದಿಂದ ತಂದ ಹುಳು ಅದು,
ಹಾರ್ಲಿಕ್ಸ್ ಬಾಟಲಿಯಲ್ಲಿ. ಉಗುರಿನಷ್ಟು. ಮೆಳ್ಳೆಗಣ್ಣು.

ಇಪ್ಪತ್ತೆರಡು ವರ್ಷ ಕತ್ತರಿಸಿದ್ದೇನೆ,
ಪೆರಿಯದ ಲ್ಯಾಬಿನಲ್ಲಿ, ಐಸಿನ ಮೇಲೆ.
ಬಾಲಕ್ಕೆ ತಲೆ ಬರುತ್ತದೆ ಏಳನೇ ದಿನ,
ಮೊದಲು ಕಣ್ಣು: ಎರಡು ಚುಕ್ಕಿ, ಅದೇ ಮೆಳ್ಳೆ.

ಗಾಯ ಎಲ್ಲಿದೆಯೆಂದು ಕಾಂಡಕೋಶಕ್ಕೆ
ಹೇಳುವವರು ಯಾರು? ಮೂರು ಪ್ರಬಂಧ ಬರೆದೆ.
ಒಂದನ್ನು ಹಿಂದಕ್ಕೆ ಕಳಿಸಿದರು.
ಇನ್ನೊಂದನ್ನು ಈಗ ನಾನೇ ನಂಬುವುದಿಲ್ಲ.

ಸುರಂಗ ತೋಡಿದ ಬಟ್ಯಣ್ಣನನ್ನು ಕೇಳಿದ್ದೆ:
ಕತ್ತಲಲ್ಲಿ ಎತ್ತ ತಿರುಗಬೇಕೆಂದು ಹೇಗೆ ತಿಳಿಯುತ್ತದೆ?
"ಮಣ್ಣು ತಣ್ಣಗಾದ ಕಡೆಗೆ, ಟೀಚರೇ.
ಮೇಣದ ಬತ್ತಿ ನಂದಿದರೆ ವಾಪಸ್ಸು."
ಹಾರೆ ಹಿಡಿದ ಕೈಯಲ್ಲಿ ನಾಲ್ಕೇ ಬೆರಳು.

ನನ್ನ ಬಾಟಲಿ ನೋಡಿ, ತನ್ನ ಕೈ ನೋಡಿ,
ನಕ್ಕ.
ನಾನು ಟಿಪ್ಪಣಿ ಪುಸ್ತಕದಲ್ಲಿ
ನೀರಿನ ಉಷ್ಣಾಂಶ ಬರೆದುಕೊಂಡೆ.