ಮೂರನೆಯ ಕಪಾಟು

ರಾತ್ರಿ ಒಂಬತ್ತಕ್ಕೆ ಅಂಗಡಿಯ ಕೆಂಪು ನೀಲಿ ಕಂಬ
ತಿರುಗುವುದು ನಿಲ್ಲಿಸುತ್ತದೆ.
ನೆಲದ ಕೂದಲು ಗುಡಿಸಿ, ಕತ್ತರಿಗೆ ಎಣ್ಣೆ ಬಿಟ್ಟು
ಮಹಡಿ ಹತ್ತುತ್ತೇನೆ. ಹಾಕೊದಾತೆಯ ಕೊನೆಯ ಟ್ರಾಮು
ಹಿಮ ಅರೆಯುತ್ತ ಹೋಗುತ್ತದೆ, ಕಿಟಕಿ ಅದುರುತ್ತದೆ.
ಮಗ ರೆಂಜಿ ಕಂಟ್ರೋಲರ್ ಕೈಗಿಡುತ್ತಾನೆ:
“ನಿಮ್ಮ ಕಾಲದ ಆಟ. ಬುಡದಿಂದ ಮತ್ತೆ ಕಟ್ಟಿದ್ದಾರೆ.”

ನಮ್ಮ ಕಾಲದಲ್ಲಿ ಯುದ್ಧಕ್ಕೆ ಸರದಿ ಇತ್ತು.
ನಾನು ಕಿತ್ತಳೆ ಸುಲಿದು, ಎರಡು ತೊಳೆ ಬಾಯಿಗಿಟ್ಟು,
ಹೊಡೆ, ತಡೆ, ಮದ್ದು, ಓಡು,
ನಾಲ್ಕರಲ್ಲಿ ಒಂದನ್ನು ಆರಿಸುವ ತನಕ
ಹಿಮತೋಳ ಹಲ್ಲು ಕಿಸಿದು ಕಾಯುತ್ತಿತ್ತು ಪಾಪ,
ಭಾನುವಾರ ಬೆಂಚಿನ ಮೇಲೆ ಕೂತ ಗಿರಾಕಿಯ ಹಾಗೆ.
ಹದಿನಾರು ಚುಕ್ಕಿಯ ಸೈನಿಕ, ಮೂರು ಬಿಳಿಗೆರೆಯ ಕತ್ತಿ.
ಉಳಿದ ರಕ್ತವೆಲ್ಲ ನಮ್ಮ ತಲೆಯೊಳಗಿತ್ತು.

ಈಗ ಯಾರೂ ಕಾಯುವುದಿಲ್ಲ.
ತೋಳದ ಒಂದೊಂದು ರೋಮಕ್ಕೂ ಬೇರೆ ಬೇರೆ ಗಾಳಿ.
ನಾನದನ್ನು ಮೆಚ್ಚಿ ನೋಡುವಷ್ಟರಲ್ಲಿ
ಗಂಟಲಿಗೆ ಬಾಯಿ ಹಾಕಿಯಾಗಿರುತ್ತದೆ.
ಹನ್ನೊಂದು ಸಲ ಸತ್ತೆ.
“ಉರುಳಿ, ಅಪ್ಪ, ಉರುಳಿ!” ರೆಂಜಿ ಕೂಗುತ್ತಾನೆ,
ನಾನು ಸೋಫಾದ ಮೇಲೆ ಉರುಳುತ್ತೇನೆ, ಸೈನಿಕ ನಿಂತೇ ಇರುತ್ತಾನೆ.
ಹನ್ನೆರಡನೆಯ ಸಲ ಹೆಬ್ಬೆರಳಿಗೆ ಹೊಳೆಯಿತು:
ಇದು ಕತ್ತರಿಯ ಲೆಕ್ಕ. ತೆರೆ, ಮುಚ್ಚು. ತೆರೆ,
ಕಿವಿಯ ಹತ್ತಿರ ಬಂದಾಗ ಉಸಿರು ಹಿಡಿ. ಮುಚ್ಚು.
ತೋಳ ಮಗುಚಿಕೊಂಡಿತು.

ಆಮೇಲೆ ಊರು. ಊರಿನ ಗ್ರಂಥಾಲಯ.
ಆಟ ಉಳಿಸಿಡಲು ಅಲ್ಲಿ ಮೂರು ಕಪಾಟು, ಮೂವರ ಪುಸ್ತಕ.
ಮೂರನೆಯದು ನನ್ನದಾಗಿತ್ತು:
ನಲವತ್ತೊಂದು ಗಂಟೆ, ಒಂದು ರಾಜ್ಯ, ಅರ್ಧ ಡ್ರ್ಯಾಗನ್.
ಜನವರಿಯ ಒಂದು ಬೆಳಿಗ್ಗೆ ನೋಡಿದರೆ ಖಾಲಿ.
ತಂಗಿ ಇಕುಯೊಗೆ ಆಗ ಏಳು ವರ್ಷ.
“ನಾನು ಮುಟ್ಟಿಲ್ಲ ಅಣ್ಣಾ.”
ಇನ್ನಾರು ಮುಟ್ಟಬೇಕು?
ಅವಳ ಗೊಂಬೆಯ ಕೂದಲನ್ನು ಬುಡದ ತನಕ ಕತ್ತರಿಸಿದೆ.
ಹಿಮ ಕರಗುವವರೆಗೆ ಮಾತು ಬಿಟ್ಟೆ.
ಮುಂದೆ ಅವಳ ಮದುವೆಯೂಟದಲ್ಲಿ ಎದ್ದು ನಿಂತು ಹೇಳಿದೆ,
ನಮ್ಮ ಮದುಮಗಳು ಒಮ್ಮೆ ಒಂದು ರಾಜ್ಯವನ್ನೇ ಅಳಿಸಿದವಳು ಎಂದು.
ಎಲ್ಲರೂ ನಕ್ಕರು.
ಅವಳೂ ನಕ್ಕಳು, ಒಂದು ಕ್ಷಣ ತಡವಾಗಿ.

“ಆ ಕಪಾಟಿನ ಹಿಂದಿನ ಗೋಡೆಗೆ ಮೂರೇಟು ಹಾಕಿ,” ಎಂದ ರೆಂಜಿ.
ಹಾಕಿದೆ. ಗೋಡೆ ಬಾಯಿಬಿಟ್ಟಿತು.
ಹಳೆಯ ಆಟದಲ್ಲಿ ಇಲ್ಲದ ಒಬ್ಬ ಮುದುಕ, ಕೈಯಲ್ಲಿ ದೀಪ:
“ಆ ಚಳಿಗಾಲ ಬಹಳ ಜನರ ಪುಸ್ತಕ
ನನ್ನ ಕೈಯಿಂದ ಜಾರಿದವು.
ನಿಮ್ಮ ಮನೆಯವರು ಯಾರೂ ಮುಟ್ಟಿರಲಿಲ್ಲ.”
ಹೇಳಿ ಸೊಂಟದ ತನಕ ಬಾಗಿದ.
ನಾನು ಗುಂಡಿ ಒತ್ತುವವರೆಗೂ ಅವನು ಏಳುವುದಿಲ್ಲವಂತೆ.
ಈ ಇಡೀ ಹೊಸ ಆಟದಲ್ಲಿ
ಕಾಯುವವನು ಅವನೊಬ್ಬನೇ.

ರೆಂಜಿ ನಗುತ್ತ ವಿವರಿಸಿದ: ಹಳೆಯ ಕಾರ್ಟ್ರಿಜ್‌ನಲ್ಲಿ ದೋಷವಿತ್ತು,
ಚಳಿ ಹೆಚ್ಚಾದರೆ ನೆನಪು ತಾನಾಗಿ ಉದುರುತ್ತಿತ್ತು,
ಮಾಡಿದವರು ಕ್ಷಮೆಯನ್ನು ಗೋಡೆಯಲ್ಲಿ ಬಚ್ಚಿಟ್ಟಿದ್ದಾರೆ, ತಮಾಷೆಗೆ.

ತಮಾಷೆಗೆ.

ಹತ್ತೂ ನಲವತ್ತು. ಜಲಸಂಧಿಯ ಆಚೆ, ಅಒಮೊರಿಯಲ್ಲಿ,
ಮೀನುಮಂಡಿಯ ಲೆಕ್ಕ ಬರೆಯುವವಳು
ನಾಳೆ ಮೂರಕ್ಕೆ ಏಳಬೇಕಾದವಳು.
ಫೋನು ಎತ್ತಿದಳು. “ಅಣ್ಣಾ? ಯಾರಿಗೇನಾಯಿತು?”
ಹೊಡೆ, ತಡೆ, ಮದ್ದು, ಓಡು.
ಒಂದೂ ಕೆಲಸಕ್ಕೆ ಬರಲಿಲ್ಲ.
“ಮೂರನೆಯ ಕಪಾಟು,” ಎಂದೆ. “ನೀನಲ್ಲ.”

ಆ ಕಡೆ ಹಡಗಿನ ಶಿಳ್ಳೆ. ಅವಳ ಸರದಿ.
ಕಾದೆ. ಮೂವತ್ತು ವರ್ಷಕ್ಕೆ ಮೊದಲ ಸಲ
ಸರಿಯಾಗಿ ಕಾದೆ.

“ಗೊಂಬೆಯ ಕೂದಲು ಇನ್ನೂ ಬೆಳೆದಿಲ್ಲ,” ಎಂದಳು.

ಉರುಳಲಿಲ್ಲ. ಏಟು ಬೀಳಬೇಕಾದಲ್ಲಿ ಬಿತ್ತು.

ಪರದೆಯ ಮೇಲೆ ಅವನಿನ್ನೂ ಬಾಗಿಯೇ ಇದ್ದ.
“ಗುಂಡಿ ಒತ್ತಿ ಅಪ್ಪ,” ಎಂದ ರೆಂಜಿ,
“ಮುದುಕನ ಬೆನ್ನು ನೋಯುತ್ತೆ.”