ಅಕ್ಕಾ

ಹೈಫಾದ ಟಾಕೀಸಿಗೆ ಹೋಗಿದ್ದೆ ಕಣೋ ನಖ್ಲೆ,
ಮೀನು ಮಾರಿದ ಕೈಯನ್ನು ನಿಂಬೆಹೋಳಿನಲ್ಲಿ ತಿಕ್ಕಿ ತೊಳೆದು,
ಅಮ್ಮನ ಕಪ್ಪು ಕೋಟು ತೊಟ್ಟು.
ಬಾಗಿಲಲ್ಲಿ ತಗಡಿನ ಕತ್ತಿ ಕಟ್ಟಿಕೊಂಡ ಪೋರನೊಬ್ಬ
ಟಿಕೆಟ್ಟು ಹರಿದು ಒಳಗೆ ಬಿಟ್ಟ.

ಪರದೆಯ ಮೇಲೆ ನಮ್ಮೂರು.
ಅಕ್ಕಾ, ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ನಂಬಬೇಕು.
ಮುಂಜಾನೆಯಂತೆ, ಸೂರ್ಯ ಕಡಲೊಳಗಿಂದ ಏಳುತ್ತಿದ್ದ.
ನಮ್ಮ ಕಡಲಿಗೆ ಅವನನ್ನು ಮುಳುಗಿಸುವುದಷ್ಟೇ ಗೊತ್ತು.
ಕುದುರೆಯ ಬಾಲ ತಾಗಿದ್ದಕ್ಕೆ ಕೋಟೆ ಅಲ್ಲಾಡಿತು;
ಫಿರಂಗಿಗುಂಡು ಕಚ್ಚಿಕೊಂಡೇ ನಿಂತ ಗೋಡೆ ಕಣೋ ಅದು,
ಅಪ್ಪ ಅದರ ನೆರಳಲ್ಲಿ ಕೂತು ಬಲೆ ಹೊಲಿದದ್ದು.

ನೀನೇ ಬರೆದಿದ್ದೆ, ಆ ಒಂದೇ ಕಾಗದದಲ್ಲಿ:
ಕಬ್ಬಿಣದ ಅಂಗಿಯೆಲ್ಲ ಉಣ್ಣೆಯ ಹೆಣಿಗೆ,
ಮೇಲೆ ಬೆಳ್ಳಿಬಣ್ಣ; ಬೆವರಿದರೆ ಕುರಿಯ ವಾಸನೆ.
ದಿನಕ್ಕೆ ಏಳೂವರೆ ಡಾಲರು,
ಕುದುರೆಯಿಂದ ಬಿದ್ದು ಸತ್ತರೆ ಮೇಲೆ ಐದು.
ಸಂತ ಜಾರ್ಜರ ಇಗರ್ಜಿಯಲ್ಲಿ
ಎಣ್ಣೆ ಹಚ್ಚಿಸಿಕೊಂಡು ಕಿರುಚಿದವನು ನೀನು,
ಮೂಗು ನೋಡಿ ಪೇಟ ಸುತ್ತಿದರಂತೆ.
ಮಧ್ಯಾಹ್ನ ಶಿಲುಬೆಯವರ ಕಡೆ ಆಳು ಕಡಿಮೆಯಾದಾಗ
ಅದೇ ಮೂಗಿನ ಮೇಲೆ ಲೋಹದ ಟೋಪಿ.

ಕತೆ ಏನು ಹೇಳಲಿ?
ಅವರ ರಾಜನ ಕ್ರಾಪು ಬಿರುಗಾಳಿಗೂ ಕೆದರಲಿಲ್ಲ.
ಸುಲ್ತಾನ ಮಾತಾಡುವ ಮೊದಲು ಒಂದೇ ಹುಬ್ಬು ಏರಿಸುತ್ತಿದ್ದ.
ಇಬ್ಬರೂ ಒಬ್ಬಳೇ ಹುಡುಗಿಗಾಗಿ ಗುದ್ದಾಡಿದರು,
ಜೆರುಸಲೇಮು ಹಿಂದೆಲ್ಲೋ
ಬಟ್ಟೆಯ ಮೇಲೆ, ಮಡಿಕೆಯ ಗೆರೆಯೂ ಕಾಣುವಂತೆ.

ಮುತ್ತಿಗೆ ಶುರುವಾಯಿತು. ಧೂಳು.
ಧೂಳಿನಲ್ಲಿ ನಿನ್ನ ಎಡಗೈ ಹಿಡಿತ,
ಹುಟ್ಟು ಹಾಕುವಾಗಿನದೇ, ಹೆಬ್ಬೆರಳು ಹೊರಗೆ,
ಟೋಪಿಯೊಳಗಿನ ಒಬ್ಬನಲ್ಲಿ. ಪೇಟದೊಳಗಿನ ಇನ್ನೊಬ್ಬನಲ್ಲಿ.
ಟೋಪಿಯ ನೀನು ಈಟಿ ಎತ್ತಿದೆ.
ಪೇಟದ ನೀನು ಗೋಡೆಯ ಮೇಲಿಂದ ಬಿದ್ದೆ.
ಐದು ಡಾಲರಲ್ಲವೇನೋ ಅದು?

ಬೀಳುವ ಮುಂಚೆ ಕೂಗಿದೆ.
ನಿಮ್ಮ ಭಾಷೆಯಲ್ಲಿ ಏನಾದರೊಂದು ಅರಚು ಅಂದಿರಬೇಕು ಅವರು.
ಪಕ್ಕದ ಪಟ್ಟಿಯಲ್ಲಿ ತರ್ಜುಮೆ ಉರುಳಿತು:
ನಾಯಿಗಳೇ, ನಿಮ್ಮ ರಕ್ತ ಕುಡಿಯುತ್ತೇನೆ!
ನೀನು ಕೂಗಿದ್ದು,
"ಅಕ್ಕಾ, ಬೇಳೆ ಸೀಯ್ತಾ ಇದೆ, ಇಳಿಸೇ!"

ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು.
ಹಮಾಲಿಗಳು ಬೆಂಚು ಗುದ್ದಿದರು,
ಇಂಗ್ಲಿಷ್ ಸಾರ್ಜೆಂಟ್ ತಿರುತಿರುಗಿ ನೋಡಿದ
ತಾನು ಕಳಕೊಂಡದ್ದು ಏನೆಂದು.
ನಾನು ಕೋಟಿನ ತೋಳು ಕಚ್ಚಿಕೊಂಡು ಕೂತೆ.
ಊರನ್ನು ಕರೆದೆಯೋ, ನನ್ನನ್ನೋ?

ಆಮೇಲೆ ದಿನಾ ಹೋದೆ. ಮೀನಿನ ಲೆಕ್ಕ ತಪ್ಪಿತು.
ಧೂಳು ಏಳುವ ಹೊತ್ತಿಗೆ ಸರಿಯಾಗಿ ಹೋಗಿ,
ನೀನು ಬಿದ್ದ ಮೇಲೆ ಎದ್ದು ಬರುತ್ತಿದ್ದೆ;
ರಾಜ ಗೆದ್ದನೋ ಬಿಟ್ಟನೋ ನನಗೆ ಯಾಕೆ.

ಐದನೆಯ ದಿನ ರೀಲು ಹರಿಯಿತು.
ದೀಪ ಹತ್ತಿತು, ಸಿಳ್ಳೆ, ಬೈಗುಳ,
ಮೇಲಿನ ಗೂಡಿನಲ್ಲಿ ಯಾರೋ ಕತ್ತರಿಸಿ ಅಂಟಿಸಿದರು.
ಮತ್ತೆ ಕತ್ತಲಾದಾಗ
ನೀನು ಆಗಲೇ ನೆಲದ ಮೇಲೆ, ಬಾಯಿ ಮುಚ್ಚಿ.
ಒಂದು ಗೇಣು ರೀಲು, ಅಷ್ಟೇ,
ಗುಡಿಸಿ ಹಾಕಿರಬೇಕು ಸಿಗರೇಟು ತುಂಡಿನ ಜೊತೆ.

ಏನಾಯಿತೋ ನನಗೆ,
ಬಾಲ್ಕನಿಯ ಕಂಬಿ ಹಿಡಿದು ಎದ್ದು ನಿಂತು
ಆ ಮಾತು ನಾನೇ ಕೂಗಿದೆ.
ಯಾರೂ ನಗಲಿಲ್ಲ.
ತಗಡಿನ ಕತ್ತಿಯ ಪೋರ ಬಂದು
ಮೊಣಕೈ ಹಿಡಿದು, ಮೆಲ್ಲಗೇ, ಹೊರಗೆ ಕರೆದುಕೊಂಡು ಹೋದ.

ಕೊನೆಯ ಬಸ್ಸು, ಕೊಲ್ಲಿಯ ಉದ್ದಕ್ಕೂ ಕತ್ತಲೆ.
ಮನೆಯೊಳಗೆ ಕಾಲಿಟ್ಟರೆ ಹೊಗೆ.
ಇಳಿಸಿದೆ, ನಖ್ಲೆ.
ತಳ ಹಿಡಿದಿದೆ.
ಮೇಲಿನದು ತಿನ್ನಬಹುದು.