ಐದು ಮಾರು

ಮಾನ್ವಿಯ ಸುತ್ತ ಯಾರ ಬಾವಿಯಲ್ಲಿ
ಪಂಪಿನ ಫುಟ್‌ವಾಲ್ವ್ ಕಚ್ಚಿಕೊಂಡರೂ
ಸೈಕಲ್ಲಿಗೆ ಹಗ್ಗ ಬಿಗಿದುಕೊಂಡು ನಮ್ಮಪ್ಪನೇ ಹೋಗಬೇಕು,
ಅಂಬಿಗರ ತಾಯಪ್ಪ.
ಉಸಿರು ಹಿಡಿದರೆ ನೂರಾಹತ್ತರವರೆಗೂ ಮೇಲೆ ಬರುವವನಲ್ಲ.
ಬಾವಿಯ ಕಟ್ಟೆಯ ಮೇಲೆ ಕೂತು ಎಣಿಸುವವಳು ನಾನು.
ಎಣಿಕೆ ಕಲಿತದ್ದೇ ಹಾಗೆ.

ಅವನಿಗೆ ಮೀಟರು ಗೊತ್ತಿಲ್ಲ, ಮಾರು ಗೊತ್ತು.
ಒದ್ದೆ ಹಗ್ಗವನ್ನು ಎದೆಗಡ್ಡ ಎಳೆದು
ತೋಳು ಚಾಚಿದಷ್ಟಕ್ಕೆ ಒಂದೊಂದು ಗಂಟು.
'ಎರಡನೇ ಮಾರಿಗೆ ಕಿವಿ ಗುಂಯ್ ಅಂತೈತಿ,
ಮೂರಕ್ಕ ಸೂಜಿ.
ಐದಕ್ಕ ಯಾರೋ ತಲಿ ಹಿಡಕೊಂಡು
ಹೆಸರು ಕೇಳಿದಂಗ.'

ಪಿಯುಸಿಯಲ್ಲಿ ಫಿಸಿಕ್ಸ್ ಮೇಡಮ್
ಬೋರ್ಡಿನ ಮೇಲೆ ಮೂರಕ್ಷರ ಬರೆದು ಗುಣಿಸಿ ಅಂದರು:
ನೀರಿನ ಸಾಂದ್ರತೆ, ಭೂಮಿಯ ಸೆಳೆತ, ಆಳ.
ಆಳದ ಜಾಗದಲ್ಲಿ ನಾನು ಅಪ್ಪನನ್ನು ಇಳಿಸಿದೆ.
ಐದು ಮಾರು ಅಂದರೆ ಒಂಬತ್ತು ಮೀಟರು.
ಸಾವಿರ ಇಂಟು ಹತ್ತು ಇಂಟು ಒಂಬತ್ತು,
ತೊಂಬತ್ತು ಸಾವಿರ ಪ್ಯಾಸ್ಕಲ್.
ಸೊನ್ನೆಗಳನ್ನು ಎರಡು ಸಲ ಎಣಿಸಿದೆ.

ರಾತ್ರಿ ಉಣ್ಣುವಾಗ ಹೇಳಿದೆ.
'ಪ್ಯಾಸ್ಕಲ್ ಅಂದ್ರ ಯಾರು?'
'ಒಬ್ಬ ಮನುಷ್ಯಾ.'
'ಬಾವ್ಯಾಗ ಇಳಿದಿದ್ನೇನು?'
ಪುಸ್ತಕದಲ್ಲಿ ಇರಲಿಲ್ಲ.
'ಹಂಗಾರ ಚೀಲದ ಲೆಕ್ಕದಾಗ ಹೇಳು.'

ಅವನ ಎಡಗೈಯನ್ನು ಗ್ರಾಫ್ ಹಾಳೆಯ ಮೇಲೆ ಒತ್ತಿ
ಸುತ್ತ ಪೆನ್ಸಿಲ್ ಎಳೆದೆ.
ಬೆರಳು ಬಿಟ್ಟು ಬರೀ ಅಂಗೈ,
ನೂರು ಚೌಕಕ್ಕೆ ಒಂದೆರಡು ಹೆಚ್ಚು ಕಡಿಮೆ.
ತೊಂಬತ್ತು ಕಿಲೋ.
'ಒಂದು ಚೀಲ ನೆಲ್ಲು, ಅದರ ಮ್ಯಾಲ ಹದಿನೈದು ಕಿಲೋ.
ಇಷ್ಟು ಅಂಗೈ ಮ್ಯಾಲ.'

ರೊಟ್ಟಿ ಬಿಟ್ಟು ಅಂಗೈ ನೋಡಿಕೊಂಡ,
ಬೇರೆ ಯಾರದೋ ಅನ್ನುವ ಹಾಗೆ.
'ಮತ್ತ ಕೈ ಯಾಕ ಕಿತ್ತು ಬೀಳಲಿಲ್ಲ?'
'ಕೆಳಗಿಂದನೂ ಅಷ್ಟ ತೂಕ ಎತ್ತತೈತಿ.
ಬದಿಯಿಂದನೂ ಅಷ್ಟ.'
ಬಹಳ ಹೊತ್ತು ಸುಮ್ಮನಿದ್ದ. ಪಲ್ಲೆ ಆರಿತು.
'ಅದೂ ಖರೇ. ಅಲ್ಲಿ ಬೀಳೂದು ಅಂಬೂದ ಇಲ್ಲ.'

ಒಂದಕ್ಕೆ ಮಾತ್ರ ಒಪ್ಪಲಿಲ್ಲ:
ಕಿರುಬಾವಿಯಾಗಲಿ, ತುಂಗಭದ್ರೆಯ ಮಡುವಾಗಲಿ,
ಆಳ ಒಂದೇ ಆದರೆ ಒತ್ತಡವೂ ಒಂದೇ ಅಂದದ್ದಕ್ಕೆ.
'ಸುಳ್ಳು. ಪಂಪಣ್ಣ ಸಾಹುಕಾರ್ರ ಬಾವಿ ಹೆಚ್ಚು ಒತ್ತತೈತಿ.'
'ಅಗಲಕ್ಕ ಲೆಕ್ಕದಾಗ ಜಾಗಾನ ಇಲ್ಲಪಾ.'
'ಅಗಲ ಅಲ್ಲ.
ಅಲ್ಲಿ ಇಳಿದ್ರ
ನೀ ಎಣಸೂದು ಕೇಳಂಗಿಲ್ಲ.'

ಎರಡು ದಿನಕ್ಕೆ ಅದೇ ಬಾವಿಯಿಂದ ಕರೆ ಬಂತು.
ಗಂಟಲು ಹರಿಯುವಂತೆ ಎಣಿಸಿದೆ.
ಪಾರಿವಾಳಗಳು ಗೋಡೆಯ ಬಿರುಕಿನಿಂದ ಎದ್ದು ಹಾರಿದವು,
ಸಾಹುಕಾರ್ರ ಆಳುಮಗ ನಕ್ಕ.
ನೀರು ಒಡೆದು ಅಪ್ಪ ಎದ್ದ,
ಒಂದು ಕೈಯಲ್ಲಿ ವಾಲ್ವ್, ಇನ್ನೊಂದು ಕಿವಿಯ ಮೇಲೆ.

'ನೂರು ದಾಟಿತೇನು?'
'ಎಂಬತ್ತೇಳು,' ಅಂದೆ.